ಹರಿದ ಜಾಗ

ಹರಿಯುವುದಕ್ಕೂ ಒಂದು ಕ್ರಮವಿದೆ. ಆದರೆ ಅದು ಈ ನಾದಿನಿಗೆ ಎಲ್ಲಿಂದ ಗೊತ್ತಾಗಬೇಕು! ಬೆಳಿಗ್ಗೆ ಒಂಬತ್ತಕ್ಕೇ ಬಿರುಗಾಳಿಯ ಹಾಗೆ ಒಳಗೆ ನುಗ್ಗಿದವಳು, ಮೊಳೆಗೆ ತೂಗುಹಾಕಿದ್ದ ಕತ್ತರಿ ತೆಗೆದುಕೊಂಡು, ಅತ್ತಿಗೆಯ ಹೆಗಲ ಮೇಲಿದ್ದ ಬೂದು ಬಣ್ಣದ ಶಾಲನ್ನು ಎಳೆದು, ಎದುರಿಗೆ ಕಾಣುವ ಮಗ್ಗುಲಿಗೆ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಪರ್ರನೆ ಹರಿದೇಬಿಟ್ಟಳು. ಮೂರು ಬೆರಳಗಲ. ನೆಟ್ಟಗಾದರೂ ಹರಿಯಬಾರದೇ? ಓರೆಯಾಗಿ, ಉದ್ದದ ಎಳೆಯೂ ಅಡ್ಡದ ಎಳೆಯೂ ಒಟ್ಟಿಗೆ ಕಿತ್ತುಬರುವ ಹಾಗೆ, ನಾಯಿ ಕಚ್ಚಿ ಎಳೆದ ಹಾಗೆ ಹರಿದಳು. ಆ ಸದ್ದು ಅತ್ತಿಗೆಯ ಹಲ್ಲಿನ ಬುಡದವರೆಗೆ ಹೋಯಿತು. ಇಪ್ಪತ್ತಾರು ವರ್ಷ ಹರಿದದ್ದನ್ನು ಕೂಡಿಸಿಯೇ ಬದುಕಿದ ಹೆಂಗಸಿನ ಮೈಮೇಲಿನ ಬಟ್ಟೆಯನ್ನು, ಅವಳ ಮನೆಯಲ್ಲೇ, ಅವಳ ಕತ್ತರಿಯಿಂದಲೇ! ನಾದಿನಿ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಸುಣ್ಣ ಬಳಿದವನು ತನ್ನ ಕೆಲಸ ನೋಡಿಕೊಳ್ಳುವ ಹಾಗೆ ತಲೆ ವಾರೆ ಮಾಡಿ ನೋಡಿದಳು.

"ಹ್ಞಾಂ. ಈಗ ಬಡವಿ ಹಾಗೆ ಕಾಣ್ತೀಯ ನೋಡು ಅತ್ತಿಗೆ. ಇಷ್ಟೊತ್ತು ಯಾರೋ ಟೀಚರಮ್ಮ ಕೂತ ಹಾಗಿತ್ತು."

"ಬಡವಿ ಹಾಗೆ ಕಾಣೋದೇನು ಬಂತು. ಬಡವಿ ಅಲ್ವಾ ನಾನು?"

"ಅದು ನಿಂಗೂ ನಂಗೂ ಗೊತ್ತು. ಬರೋವ್ನಿಗೆ ಗೊತ್ತಾಗ್ಬೇಕಲ್ಲ? ಅವ್ನು ಬಂದಾಗ ನೆಟ್ಟಗೆ ಕೂರ್ಬೇಡ. ಕೇಳಿದ್ದಕ್ಕೆ ಹೂಂ ಅನ್ನು, ಉಹೂಂ ಅನ್ನು. ಮಧ್ಯ ಒಂದ್ಸಲ ಕೆಮ್ಮು."

ಬೀದಿಯವರೆಲ್ಲ ಈ ನಾದಿನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು, ಅವಳ ಎದುರಿಗೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಜಾರಿರಲಿಲ್ಲ. ಅತ್ತಿಗೆಯ ಗಂಡ ತೀರಿಕೊಂಡ ಒಂಬತ್ತು ವರ್ಷದಲ್ಲಿ, ಗಂಡನ ಕಡೆಯವರೆಂದು ಈ ಮನೆಯ ಹೊಸ್ತಿಲು ತುಳಿದವಳು ಇವಳೊಬ್ಬಳೇ. ಪಕ್ಕದ ಮನೆಯಲ್ಲಿದ್ದುಕೊಂಡು ತಲೆ ತಿನ್ನುತ್ತಾಳೆ, ನಿಜ. ಆದರೆ ಆಸ್ಪತ್ರೆಗೆ ಕೈ ಹಿಡಿದು ಕರೆದುಕೊಂಡು ಹೋದವಳೂ ಇವಳೇ. ಅಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬಲಗಣ್ಣಿನ ಪೊರೆ ಪೂರ್ತಿ ಗಟ್ಟಿಯಾಗಿದೆ, ಎಡಗಣ್ಣಿಗೂ ಕೂತಿದೆ, ಇನ್ನೊಂದು ವರ್ಷ ಹೀಗೇ ಬಿಟ್ಟರೆ ಸೂಜಿ ಹಾಗಿರಲಿ, ಬಾಗಿಲೂ ಕಾಣುವುದಿಲ್ಲ ಎಂದಿದ್ದರು. ಬಡವರ ಚೀಟಿ ಇದ್ದರೆ ಆಪರೇಷನ್ ಪುಕ್ಕಟೆ. ಇಲ್ಲದಿದ್ದರೆ ಅವರು ಹೇಳಿದ ಮೊತ್ತ ಕೇಳಿ ರೇಡಿಯೋ ಕೂಡ ಒಂದು ಗಳಿಗೆ ಬಂದ್ ಆಗಿತ್ತು. ಅರ್ಜಿ ಕೊಟ್ಟು ನಾಲ್ಕು ತಿಂಗಳಾದ ಮೇಲೆ ಇವತ್ತು ಹತ್ತು ಗಂಟೆಗೆ ತಪಾಸಣೆಯವನು ಬರುತ್ತಾನೆ. ಮನೆ ನೋಡಿ, ಅವಳನ್ನು ನೋಡಿ, ಬಡವಳು ಹೌದೋ ಅಲ್ಲವೋ ಬರೆದುಕೊಂಡು ಹೋಗುತ್ತಾನೆ. ಅವನು ಹೌದು ಎಂದು ಬರೆದರೆ ಕಣ್ಣು, ಅಲ್ಲ ಎಂದು ಬರೆದರೆ ಕತ್ತಲೆ. ಇದಕ್ಕಿಂತ ಬಿಡಿಸಿ ಹೇಳುವುದೇನೂ ಇರಲಿಲ್ಲ.

ನಾದಿನಿ ಬೀದಿಯ ತಿರುವಿನಲ್ಲಿ ಕಾಯಲು ಹೋದಳು. ಅತ್ತಿಗೆ ಕಿಟಕಿಯ ಪಕ್ಕ, ದಿನಾ ಕೂರುವ ಮಣೆಯ ಮೇಲೆ ಕೂತಳು. ಕಿಟಕಿಯ ಪರದೆಯ ಅಂಚಿಗೆ ಎಂಟು ಸೂಜಿಗಳು ಸಾಲಾಗಿ ಚುಚ್ಚಿದ್ದವು, ಒಂದೊಂದರಲ್ಲೂ ದಾರ. ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಮಗಳು ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮೊದಲು ಎಂಟು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾಳೆ. ಎಂಟು ಮುಗಿದರೆ ಅವತ್ತಿನ ಕೆಲಸ ಮುಗಿದ ಹಾಗೆ. ಈ ವಿಷಯ ಅವಳಿಗೆ ಕೆಲಸ ಕೊಡುವ ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನನಿಗೆ ಗೊತ್ತಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಉಗಿಯ ವಾಸನೆಯ ನಡುವೆ, ಅವಳು ಕೂರುತ್ತಿದ್ದಷ್ಟು ವರ್ಷ ಅವನು ಗಿರಾಕಿಗಳಿಗೆ, ನಮ್ಮಲ್ಲಿ ರಫು ಮಾಡ್ತೀವಿ, ಎಲ್ಲಿ ಹರಿದಿತ್ತು ಅಂತ ನಿಮಗೇ ಗೊತ್ತಾಗಲ್ಲ ಎನ್ನುತ್ತಿದ್ದ. ಮಾಡ್ತೀವಿ ಎನ್ನುವಾಗ ಅವನ ಎದೆ ಒಂದು ಗೇಣು ಮುಂದೆ ಬರುತ್ತಿದ್ದದ್ದು ಪರದೆಯ ಸಂದಿಯಿಂದ ಅವಳಿಗೆ ಕಾಣುತ್ತಿತ್ತು. ದೊಡ್ಡ ದೊಡ್ಡವರ ಕೋಟುಗಳು ಬರುತ್ತಿದ್ದವು. ಸಿಗರೇಟಿನ ಕಿಡಿ ಬಿದ್ದು ತೂತಾದದ್ದು, ಕಾರಿನ ಬಾಗಿಲಿಗೆ ಸಿಕ್ಕಿ ಕಿತ್ತದ್ದು. ಆ ಬಟ್ಟೆಯದೇ ಒಳಮಡಿಕೆಯಿಂದ ಎಳೆ ತೆಗೆದು, ಸೂಜಿಯ ದಾರದ ಕುಣಿಕೆಗೆ ಸಿಕ್ಕಿಸಿ ಎಳೆದು, ಒಂದು ಬಿಟ್ಟು ಒಂದು, ಮೇಲೆ ಕೆಳಗೆ, ನೇಯ್ದವನು ಹೇಗೆ ನೇಯ್ದಿದ್ದನೋ ಹಾಗೇ ಕೂಡಿಸಬೇಕು. ಕೆಲಸ ಚೆನ್ನಾಗಿ ಆಗಿದ್ದರೆ ಯಾರೂ ಏನೂ ಹೇಳುವುದಿಲ್ಲ. ಹೇಳಿದರೆಂದರೆ ಕೆಟ್ಟಿತೆಂದೇ ಅರ್ಥ. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಏನೂ ಹೇಳಲಿಲ್ಲ. ಒಂದು ಸಲ ಬೀದಿಯಲ್ಲಿ ತಾನೇ ಕೂಡಿಸಿದ ಕೋಟೊಂದು ಎದುರಿಗೆ ಬಂದು, ತೊಟ್ಟವನು ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ನಡೆದುಹೋದ. ತಳ್ಳಿದ ಮೊಣಕೈ ಅವಳು ಎರಡು ದಿನ ಕೂತು ಮಾಡಿದ್ದೇ ಆಗಿತ್ತು. ಆಗ ನೋವಾಗಿತ್ತು, ನೋವಿನ ಜೊತೆಗೇ, ಅಬ್ಬಾ ಎಷ್ಟು ಚೆನ್ನಾಗಿ ಕೂತಿದೆ ಎಂದು ತಿರುಗಿ ನೋಡಿದ್ದಳು. ಈಗ ಕಣ್ಣಿಗೆ ಮಬ್ಬು ಬಂದ ಮೇಲೆ, ಏನೋ ಸುಳ್ಳು ನೆಪ ಹೇಳಿ ಕೆಲಸವನ್ನು ಮನೆಗೇ ತಂದುಕೊಳ್ಳುತ್ತಿದ್ದಳು. ಕೈ ನೋಡುತ್ತಿತ್ತು, ಕಣ್ಣು ಬರೀ ಜೊತೆಗಿರುತ್ತಿತ್ತು.

ಹತ್ತಾಯಿತು, ಹತ್ತೂವರೆ ಆಯಿತು. ತೊಡೆಯ ಮೇಲೆ ಶಾಲಿನ ಬಾಯಿ ತೆರೆದುಕೊಂಡಿತ್ತು. ಅದನ್ನು ನೋಡಬಾರದೆಂದು ಗೋಡೆ ನೋಡಿದಳು. ತಪಾಸಣೆಯವನು ಬರುತ್ತಾನೆಂದು ಮಗಳು ನಿನ್ನೆ ಗೋಡೆ ತೊಳೆದುಬಿಟ್ಟಿದ್ದಳು, ಹುಚ್ಚುಡುಗಿ! ಮನೆಗೆ ಯಾರೋ ದೊಡ್ಡವರು ಬರುತ್ತಾರೆಂದರೆ ಗೋಡೆ ತೊಳೆಯದೆ ಇರುವುದು ಹೇಗೆ? ರೇಡಿಯೋ ಬಂದು ನೋಡಿ ತಲೆ ಚಚ್ಚಿಕೊಂಡಿದ್ದಳು. ತನ್ನ ಅಮ್ಮನಾಗಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ. ಅಮ್ಮನಿಗೆ ಕಚೇರಿಯೆಂದರೆ ನೀರು ಕುಡಿದಷ್ಟು ಸಲೀಸು. ಆರು ತಿಂಗಳಿಗೊಮ್ಮೆ ಧಾನ್ಯದ ಚೀಟಿ ಹೊಸದಾಗಿ ಬರೆಸಬೇಕಾಗಿತ್ತು. ಆ ದಿನ ಬೆಳಿಗ್ಗೆ ಅಮ್ಮ, ಆಗಿನ್ನೂ ಚಿಕ್ಕವಳಾಗಿದ್ದ ಮಗಳ, ಎಂದರೆ ಇವಳ, ಒಂದೇ ಒಂದು ಒಳ್ಳೆಯ ಫ್ರಾಕಿನ ತೋಳನ್ನು ಹರಿದು, ಅದನ್ನೇ ತೊಡಿಸಿ, ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದಳು. ಮೇಜಿನ ಹಿಂದಿನವನು ತಲೆ ಎತ್ತುವುದಕ್ಕೂ ಅಮ್ಮನ ಗಂಟಲು ಕಟ್ಟುವುದಕ್ಕೂ ಸರಿಹೋಗುತ್ತಿತ್ತು. ಅಯ್ಯೋ ಅಪ್ಪಾ, ಮಗೂಗೆ ಹಾಕಕ್ಕೆ ಬಟ್ಟೆ ಇಲ್ಲ ಅಪ್ಪಾ. ಮನೆಗೆ ಬಂದು ಮುಖ ತೊಳೆದು, ಚೀಟಿ ಡಬ್ಬಿಯಲ್ಲಿಟ್ಟು, ಸೂಜಿ ಮಗಳ ಕೈಗೆ ಕೊಡುತ್ತಿದ್ದಳು: ನಾಟಕ ಮುಗೀತು, ಹೊಲ್ಕೋ. ಅಷ್ಟು ಹೇಳಿ ನಗುತ್ತಿದ್ದಳು. ಆ ನಗು ಮಗಳಿಗೆ ಸೇರುತ್ತಿರಲಿಲ್ಲ. ಎರಡು ದಿನ ಮಾತು ಬಿಡುತ್ತಿದ್ದಳು. ಕಚೇರಿಯಲ್ಲಿ ಅತ್ತವಳು ಅಮ್ಮನೋ, ಮನೆಯಲ್ಲಿ ನಕ್ಕವಳು ಅಮ್ಮನೋ? ಮಾತು ಬಿಟ್ಟ ಎರಡು ದಿನವೂ ಕೂತು ಆ ತೋಳು ಕೂಡಿಸುತ್ತಿದ್ದಳು. ಕಚೇರಿಗೆ ಹೋದದ್ದು ಯಾರಿಗೂ ತಿಳಿಯಬಾರದು, ಶಾಲೆಯಲ್ಲಿ ಪಕ್ಕದವಳಿಗೆ ಗೆರೆಯೂ ಕಾಣಬಾರದು ಎಂಬ ಹಟದಲ್ಲಿ, ಮೊದಲ ಸಲ ದಪ್ಪ ದಪ್ಪ ಹೊಲಿಗೆ, ಎರಡನೇ ಸಲ ಸ್ವಲ್ಪ ಸಣ್ಣ, ಮೂರನೇ ಸಲ ಹೊಲಿಗೆಯೇ ಅಲ್ಲ, ಎಳೆಗೆ ಎಳೆ. ಕೆಲಸ ಕಲಿತದ್ದು ಹಾಗೆ. ಯಾರೂ ಕಲಿಸಲಿಲ್ಲ.

ನಾಲ್ಕನೇ ಸಲ ಅಮ್ಮ ಫ್ರಾಕು ಕೈಗೆ ತೆಗೆದುಕೊಂಡು ತೋಳಿನ ಮೇಲೆ ಬೆರಳಾಡಿಸಿದಳು, ತಿರುವಿ ಹಾಕಿದಳು, ಬಾಗಿಲಿನ ಬೆಳಕಿಗೆ ಹಿಡಿದಳು. "ಎಲ್ಲಿ ಹರಿದಿದ್ದೆ ನಾನು?" ಎಂದಳು. ಅಮ್ಮ ಫ್ರಾಕನ್ನು ಮುಖಕ್ಕೊತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಬಟ್ಟೆಯ ಮರೆಯಲ್ಲಿ ತಿಳಿಯಲಿಲ್ಲ. ಆಮೇಲೆ ಹಾಗೇ, ಇಡಿಯಾದ ತೋಳಿನ ಫ್ರಾಕು ತೊಡಿಸಿ, ಕಚೇರಿಗೆ ಕರೆದುಕೊಂಡು ಹೋದಳು. ಮೇಜಿನ ಹಿಂದಿನವನು ಮಗಳನ್ನು ಮೇಲಿಂದ ಕೆಳಗೆ ನೋಡಿ, ಚೆನ್ನಾಗೇ ಇದ್ದೀರಲ್ಲಮ್ಮ ಎಂದ. ಆ ಸಲ ಚೀಟಿ ಸಿಗಲಿಲ್ಲ. ಮುಂದಿನ ವಾರದಿಂದ ಅಮ್ಮ ಗಾಜಿನ ಬಾಟಲಿ ತೊಳೆಯುವ ಕಾರ್ಖಾನೆಗೆ ಹೋಗತೊಡಗಿದಳು. ಅವಳ ಕೈಬೆರಳುಗಳು ಸಾಯುವವರೆಗೂ ಒದ್ದೆಯಲ್ಲಿ ನೆನೆದ ಹಾಗೆ ಬೆಳ್ಳಗಿದ್ದವು. ತನ್ನಿಂದಲೇ ಆಯಿತು ಇದು ಎಂದು ಮಗಳಿಗೆ ಗೊತ್ತಿತ್ತು. ತಾನು ಅಷ್ಟು ಚೆನ್ನಾಗಿ ಹೊಲಿಯದೆ ಇದ್ದಿದ್ದರೆ ಅಮ್ಮನಿಗೆ ಹರಿಯಲು ಆ ಜಾಗ ಸಿಗುತ್ತಿತ್ತು. ನಲವತ್ತೈದು ವರ್ಷದಿಂದ ಗೊತ್ತಿತ್ತು. ಇದನ್ನು ಗಂಡನಿಗೂ ಹೇಳಿರಲಿಲ್ಲ, ತನ್ನ ಮಗಳಿಗೂ ಹೇಳಿರಲಿಲ್ಲ.

"ಬಂದ, ಬಂದ! ಅತ್ತಿಗೆ, ಬೆನ್ನು ಬಗ್ಗಿಸು!" ಎಂದು ನಾದಿನಿ ಏದುಸಿರು ಬಿಡುತ್ತ ಓಡಿಬಂದಾಗ ಗಂಟೆ ಹನ್ನೆರಡೂವರೆ. ಅತ್ತಿಗೆ ಬೆಚ್ಚಿಬಿದ್ದು ಕೈಯಲ್ಲಿದ್ದದ್ದನ್ನು ಪರದೆಗೆ ಚುಚ್ಚಿದಳು. ಆಮೇಲೆ ಏನು ಚುಚ್ಚಿದೆನೆಂದು ನೋಡಿದಳು. ಸೂಜಿ. ಪರದೆಯ ಸಾಲಿನಲ್ಲಿ ಏಳು ಸೂಜಿಗಳ ದಾರ ಇದ್ದಂತೆಯೇ ಇತ್ತು. ಎಂಟನೆಯದರಲ್ಲಿ ಮಗಳು ಪೋಣಿಸಿದ್ದ ಬಿಳಿ ದಾರದ ಕುಣಿಕೆಗೆ ಸಿಕ್ಕಿ ಬೂದು ಎಳೆಯ ಚೂರೊಂದು ನೇತಾಡುತ್ತಿತ್ತು. ಮಣೆಯ ಸುತ್ತ ನೆಲದ ಮೇಲೆ ಶಾಲಿನ ಅಂಚಿನಿಂದ ಕಿತ್ತ ನೂಲಿನ ತುಣುಕುಗಳು ಬಿದ್ದಿದ್ದವು. ಇದು ಯಾವಾಗ ಆಯಿತು? ಆಣೆ ಮಾಡಿ ಕೇಳಿದರೂ ಹೇಳಲಾರಳು. ಹರಿದದ್ದು ತೊಡೆಯ ಮೇಲಿತ್ತು, ಕೈ ಖಾಲಿಯಿತ್ತು, ಅಮ್ಮ ಮನಸ್ಸಿನಲ್ಲಿದ್ದಳು. ಮುಂದಿನದು ಕೈಗೆ ಗೊತ್ತು. ಅಯ್ಯೋ ದೇವರೇ, ಕಚೇರಿ ಮುಗಿದ ಮೇಲೆ ಹೊಲಿಯಬೇಕಾದದ್ದು ಇದು!

ತಪಾಸಣೆಯವನು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ಮೂವತ್ತರ ಆಸುಪಾಸಿನವನು, ಬೆವರು ಒರೆಸಿಕೊಳ್ಳುತ್ತ, ತಡ ಆಯ್ತಮ್ಮ, ಬೆಳಿಗ್ಗೆಯಿಂದ ಇದು ಹದಿನೇಳನೇ ಮನೆ ಎಂದು ಕ್ಷಮೆ ಕೇಳುವವನ ಹಾಗೆ ಹೇಳಿ, ಶೂ ಹಾಕಿಕೊಂಡೇ ಒಳಗೆ ಬಂದು, ಹಲಗೆಗೆ ಸಿಕ್ಕಿಸಿದ ಕಾಗದದ ಮೇಲೆ ಬರೆಯತೊಡಗಿದ. ನೆಲ ಸಿಮೆಂಟು. ಕಿಟಕಿ ಒಂದು. ಕುರ್ಚಿ ಇಲ್ಲ, ಮಣೆ ಎರಡು. ಅಡುಗೆಯ ಮೂಲೆಗೆ ಹೋಗಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿದ. ನಿನ್ನೆ ಉಳಿದದ್ದು ಒಂದರಲ್ಲಿತ್ತು. ಅದನ್ನೂ ಬಗ್ಗಿ ನೋಡಿದ, ಮುಚ್ಚಿದ, ಬರೆದ. ಯಾರೂ ಅವಳ ಎದುರು ಅವಳ ಪಾತ್ರೆ ತೆರೆದಿರಲಿಲ್ಲ. ಕಿವಿ ಬಿಸಿಯಾಯಿತು. ಟ್ರಂಕು ತೆರೆಯಿರಿ ಎಂದ. ತೆರೆದಳು. ಗಂಡನ ಅಂಗಿಗಳು ಮಡಿಕೆ ಕೆಡದೆ ಕೂತಿದ್ದವು, ಅವನು ಪೆನ್ನಿನ ತುದಿಯಿಂದ ಮೇಲಿನದನ್ನು ಎತ್ತಿ ಅಡಿಯಲ್ಲಿ ಏನಿದೆ ಎಂದು ನೋಡಿದ.

"ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ರಿ?"

"ಹೊಡೆಸಿಲ್ಲ. ತೊಳೆದದ್ದು."

"ತೊಳೆದದ್ದು," ಎಂದು ಅವನು ಗೋಡೆಯನ್ನು ಇನ್ನೊಮ್ಮೆ ನೋಡಿದ. "ಇಲ್ಲಿ ಹಾಗೆ ಬರೆಯೋಕೆ ಜಾಗ ಇಲ್ಲಮ್ಮ. ಬಣ್ಣ ಇದೆ, ಇಲ್ಲ. ಎರಡೇ."

"ನನ್ನ ಕಣ್ಣು ನೋಡಿ ಸ್ವಾಮಿ. ಬಲಗಡೆದು ಪೂರ್ತಿ ಹೋಗಿದೆ."

"ಕಣ್ಣು ಆಸ್ಪತ್ರೆಯವರು ನೋಡ್ತಾರೆ. ನಾನು ಮನೆ ನೋಡೋನು." ಅವನು ಹಾಳೆ ತಿರುವಿದ. "ಉಡುಪು. ಹರಿದದ್ದು, ಹಳೆಯದು, ಚೆನ್ನಾಗಿರೋದು. ನಿಮ್ದು ಚೆನ್ನಾಗೇ ಇದೆಯಲ್ಲ."

ನಾದಿನಿಗೆ ಇನ್ನು ತಡೆಯಲಾಗಲಿಲ್ಲ. "ಎಲ್ಲಿ ಸಾರ್ ಚೆನ್ನಾಗಿದೆ! ಶಾಲು ನೋಡಿ, ಹರಿದು ಚಿಂದಿಯಾಗಿ ಹೋಗಿದೆ. ಹೊದ್ಕೊಳ್ಳೋಕೆ ಇರೋದು ಇದೊಂದೇ, ಪಾಪ. ತೋರ್ಸು ಅತ್ತಿಗೆ!" ಎನ್ನುತ್ತ ಶಾಲಿನ ಮಗ್ಗುಲು ಹಿಡಿದು ಅವನ ಮೂಗಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಇನ್ನೊಂದು ಮಗ್ಗುಲು ಎಳೆದಳು. ಕೊನೆಗೆ ಇಡೀ ಶಾಲನ್ನೇ ಅತ್ತಿಗೆಯ ಹೆಗಲಿನಿಂದ ಕಿತ್ತುಕೊಂಡು, ಸಂತೆಯಲ್ಲಿ ಬಟ್ಟೆ ಕೊಳ್ಳುವವಳ ಹಾಗೆ ಹಿಂದೆ ಮುಂದೆ ತಿರುಗಿಸಿದಳು. "ಇಲ್ಲೇ ಇತ್ತು ಸಾರ್! ನನ್ನ ಕಣ್ಣಾರೆ ನೋಡಿದ್ದೀನಿ. ನಾನೇ..." ಎಂದು ನಾಲಿಗೆ ಕಚ್ಚಿಕೊಂಡಳು.

"ನೀವೇ?"

ನಾದಿನಿ ನೆಲದ ಮೇಲಿನ ನೂಲಿನ ತುಣುಕು ನೋಡಿದಳು, ಪರದೆಯ ಸೂಜಿ ನೋಡಿದಳು, ಅತ್ತಿಗೆಯನ್ನು ನೋಡಿದಳು. ಆ ನೋಟದಲ್ಲಿ ಕೊಲ್ಲುವಷ್ಟು ಸಿಟ್ಟಿತ್ತು. ಅವನಿಗೆ ಎಲ್ಲ ಅರ್ಥವಾದ ಹಾಗಿತ್ತು. ಹದಿನಾರು ಮನೆಯಲ್ಲಿ ಎಷ್ಟು ಕೆಮ್ಮು, ಎಷ್ಟು ಕಣ್ಣೀರು ನೋಡಿ ಬಂದಿದ್ದನೋ! ಅವನು ಪೆನ್ನು ಮುಚ್ಚಿ, ಸ್ವರ ತಗ್ಗಿಸಿ, ಮನೆಯವನ ಹಾಗೆ ಮಾತಾಡಿದ.

"ನೋಡೀಮ್ಮ, ನನಗೇನೂ ಇಲ್ಲ. ನಿಮಗೆ ಸಿಗಲಿ ಅಂತಲೇ ನನಗೂ ಇರೋದು. ಆದ್ರೆ ಇದರ ಜೊತೆ ನಿಮ್ಮ ಫೋಟೋ ಹೋಗುತ್ತೆ. ಮೇಲೆ ಕೂತೋರು ಫೋಟೋ ಮಾತ್ರ ನೋಡೋದು. ಗೋಡೆ ಹೀಗೆ, ಬಟ್ಟೆ ಹೀಗೆ ಇದ್ರೆ ಓದೋದೇ ಇಲ್ಲ, ಪಕ್ಕಕ್ಕೆ ಎಸೀತಾರೆ. ನಾನು ಐದು ನಿಮಿಷ ಹೊರಗೆ ನಿಂತು ನೀರು ಕುಡಿದು ಬರ್ತೀನಿ. ಅಷ್ಟರಲ್ಲಿ..." ಅವನ ಕಣ್ಣು ಮೊಳೆಯ ಮೇಲಿದ್ದ ಕತ್ತರಿಯ ಕಡೆ ಹೋಗಿ ಬಂತು. "ಅಷ್ಟರಲ್ಲಿ ಏನು ಸರಿ ಕಾಣುತ್ತೋ ಮಾಡ್ಕೊಳ್ಳಿ."

ಅವನು ಹೊರಗೆ ಹೋದ. ನಾದಿನಿ ಕತ್ತರಿ ತೆಗೆದಳು. "ಬೈಯೋಕೂ ಟೈಮಿಲ್ಲ ನಂಗೀಗ. ತಾ ಇಲ್ಲಿ."

"ಕೊಡು. ನಾನೇ ಹರೀತೀನಿ."

ಹೌದು, ಹರಿಯಬೇಕೆಂದೇ ಅವಳು ಕತ್ತರಿ ತೆಗೆದುಕೊಂಡದ್ದು. ಕಣ್ಣಿನ ಮುಂದೆ ಒಂದು ತುಂಡು ಬಟ್ಟೆ ಯಾವ ಮಹಾ! ಅಮ್ಮ ಮಾಡಿದ್ದಳು, ಅಮ್ಮನಿಗಿಂತ ತಾನೇನು ಹೆಚ್ಚೇ? ಬೆಳಿಗ್ಗೆ ಬೆಳಿಗ್ಗೆ ಎಂಟು ಸೂಜಿಗೆ ದಾರ ಪೋಣಿಸುವ ಮಗಳ ಬಗ್ಗಿದ ಕತ್ತು ಕಣ್ಣೆದುರು ಬಂತು. ಹರಿಯುವುದಾದರೆ ಆ ಜಾಗದಲ್ಲೇ ಹರಿಯಬೇಕು, ಒಮ್ಮೆ ನೊಂದ ಜಾಗದಲ್ಲಿ. ಚೆನ್ನಾಗಿರುವ ಬಟ್ಟೆಗೆ ಕತ್ತರಿ ಹಾಕಲು ಅವಳ ಕೈ ಒಪ್ಪದು. ಶಾಲನ್ನು ಮೊಣಕಾಲ ಮೇಲೆ ಹರಡಿ ಎಡಗಣ್ಣು ಅಗಲಿಸಿ ನೋಡಿದಳು. ಬೂದು. ಕಣ್ಣು ಮುಚ್ಚಿ ಬೆರಳಿನಿಂದ ಹುಡುಕಿದಳು. ಗೆರೆಯಿಲ್ಲ, ಗಂಟಿಲ್ಲ, ಎಲ್ಲಿಯೂ ಎಳೆ ಬಿಗಿಯಾಗಿಲ್ಲ, ಸಡಿಲವಾಗಿಲ್ಲ. ಇಪ್ಪತ್ತಾರು ವರ್ಷದಲ್ಲಿ ಹೀಗಾಗಿರಲಿಲ್ಲ. ಎಂಥ ಕೋಟಿನಲ್ಲೂ ತನ್ನ ಕೆಲಸ ಎಲ್ಲಿದೆಯೆಂದು ಬೇರೆಯವರಿಗೆ ತಿಳಿಯದಿದ್ದರೂ ಅವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಇವತ್ತು ಹೆಬ್ಬೆರಳು ಹೋಗಿ ಬಂತು, ಹೋಗಿ ಬಂತು, ಸಿಗಲಿಲ್ಲ. ಅರೆಗುರುಡಿ ಮಾಡಿದ ಕೆಲಸ ಇದು!

"ಎಲ್ಲಾದ್ರೂ ಹರಿ ಅತ್ತಿಗೆ! ಅದೇ ಜಾಗ ಯಾಕೆ ಬೇಕು? ಇಷ್ಟುದ್ದ ಶಾಲು ಬಿದ್ದಿದೆಯಲ್ಲ!"

ಇಷ್ಟುದ್ದ ಶಾಲು. ಕತ್ತರಿ ಹಿಡಿದ ಕೈ ನಿಂತಿತು. ಅಮ್ಮನಿಗೂ ಇಷ್ಟುದ್ದ ಫ್ರಾಕಿತ್ತಲ್ಲ! ಇನ್ನೊಂದು ತೋಳಿತ್ತು, ಕೊರಳಿತ್ತು, ಕೆಳಗಿನ ಅಂಚಿತ್ತು. ಹರಿಯಬೇಕೆಂದಿದ್ದರೆ ಅಮ್ಮನಿಗೆ ಜಾಗಕ್ಕೆ ಬರವೇ? ಕಚೇರಿಯನ್ನು ಅರೆದು ಕುಡಿದವಳು, ಅತ್ತು ಚೀಟಿ ತರಬಲ್ಲವಳು, ಅವತ್ತು ಹತ್ತು ವರ್ಷದ ಮಗಳು ಕೂಡಿಸಿದ ತೋಳನ್ನು ಮುಖಕ್ಕೊತ್ತಿಕೊಂಡು ಕೂತು, ಎದ್ದು, ಗೊತ್ತಿದ್ದೂ ಗೊತ್ತಿದ್ದೂ ಇಡೀ ಫ್ರಾಕು ತೊಡಿಸಿದಳು. ಮಗಳ ಕೈ ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತುವಾಗ ಅಮ್ಮ ಅವತ್ತು ಬೆನ್ನು ಬಗ್ಗಿಸಿರಲಿಲ್ಲ. ಅದು ಈಗ ನೆನಪಾಯಿತು. ಚೆನ್ನಾಗೇ ಇದ್ದೀರಲ್ಲಮ್ಮ ಎಂದವನಿಗೆ ಅಮ್ಮ, ಹೌದು, ನನ್ನ ಮಗಳೇ ಹೊಲಿದದ್ದು ಎಂದಿದ್ದಳು. ಆ ಮಾತನ್ನು ಇಷ್ಟು ವರ್ಷ ಅವಳು ದೂರು ಎಂದು ಕೇಳಿಸಿಕೊಂಡಿದ್ದಳು! ಎಂಥ ದಡ್ಡಿ ನಾನು, ಎಂಥ ದಡ್ಡಿ, ಎಂದು ಗಟ್ಟಿಯಾಗಿಯೇ ಅಂದಳು. ಕಣ್ಣು ಎರಡೂ ತುಂಬಿದವು, ಕಾಣುವುದೂ ಕಾಣದ್ದೂ.

"ಅಳು, ಅಳು. ಚೆನ್ನಾಗಿ ಅಳು. ಅವ್ನು ಬರೋ ಹೊತ್ತಾಯ್ತು," ಎಂದಳು ನಾದಿನಿ.

ಅವಳು ಕತ್ತರಿಯನ್ನು ಮೊಳೆಗೆ ಹಾಕಿದಳು. ಕಣ್ಣೊರೆಸಿಕೊಂಡಳು. ಶಾಲನ್ನು ಒಮ್ಮೆ ಝಾಡಿಸಿ, ಎರಡೂ ಹೆಗಲ ಮೇಲೆ ಸಮವಾಗಿ ಹೊದ್ದು, ತೊಳೆದ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ತಪಾಸಣೆಯವನು ಒಳಗೆ ಬಂದು, ಅವಳನ್ನು ನೋಡಿ, ಬಾಗಿಲಲ್ಲೇ ನಿಂತ.

"ಫೋಟೋ ತೆಗೀರಿ," ಎಂದಳು. "ಬರ್ಕೊಳ್ಳಿ. ಗೋಡೆ ತೊಳೆದಿದೆ. ಬಟ್ಟೆ ಹರಿದಿಲ್ಲ. ಕೆಲಸ ರಫು, ಇಪ್ಪತ್ತಾರು ವರ್ಷ. ಬಲಗಣ್ಣು ಕಾಣಲ್ಲ, ಎಡಗಣ್ಣು ಅರ್ಧ ಕಾಣುತ್ತೆ. ಮನೇಲಿ ಇದಕ್ಕೆ ಕೊಡೋಷ್ಟು ಇಲ್ಲ, ಅದಕ್ಕೇ ಅರ್ಜಿ ಹಾಕಿದ್ದೀನಿ. ಜಾಗ ಇಲ್ಲದಿದ್ರೆ ಅಂಚಲ್ಲಿ ಬರೀರಿ."

ಅವನು ಮೊಬೈಲು ಎತ್ತಿ ಫೋಟೋ ತೆಗೆದ. ಹಾಳೆಯಲ್ಲಿ ಗುರುತು ಹಾಕಿದ. ಪೆನ್ನು ಸ್ವಲ್ಪ ಹೊತ್ತು ಅಂಚಿನ ಹತ್ತಿರ ನಿಂತು, ಏನನ್ನೋ ಸಣ್ಣದಾಗಿ ಬರೆಯಿತು. ಹೊರಡುವಾಗ, "ಇದು ತಿರುಗಿ ಬರುತ್ತಮ್ಮ, ಸುಳ್ಳು ಹೇಳಲ್ಲ. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ. ನಾನೇ ಬರ್ತೀನಿ," ಎಂದ.

"ಬನ್ನಿ. ಆದ್ರೆ ಆಗ ನೀವು ಬಂದದ್ದು ನನಗೆ ಕಾಣಲ್ಲ ಸ್ವಾಮಿ. ಬಾಗಿಲಲ್ಲಿ ನಿಂತು ಕರೀಬೇಕು, ಒಳಗೆ ಬರೋ ಮೊದಲು."

ಅವನು ತನ್ನ ಶೂ ನೋಡಿಕೊಂಡ. ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ನಾದಿನಿ ಶಾಲನ್ನು ಅವಳ ಹೆಗಲಿನಿಂದ ಎಳೆದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಳು. ನಿನ್ನ ಜಂಬಕ್ಕಿಷ್ಟು ಬೆಂಕಿ ಹಾಕ, ನಿನ್ನ ಕೈಗೆ ಬೇರೆ ಕೆಲಸ ಇರಲಿಲ್ವಾ, ನಾಳೆ ನಿನ್ನ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗೋಳು ನಾನು ತಾನೆ ಎಂದು ಬಾಯಿಗೆ ಬಂದದ್ದೆಲ್ಲ ಬೈದಳು, ಅಳುತ್ತಲೇ ಬೈದಳು. ಅತ್ತಿಗೆ ತಡೆಯಲಿಲ್ಲ. ಬೈಗುಳದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಮಣೆಯ ಮೇಲೆ ಕೂತು, ಪಕ್ಕದಲ್ಲಿದ್ದ ಯಾರದೋ ಕೋಟನ್ನು ತೊಡೆಗೆಳೆದುಕೊಂಡು, ಪರದೆಯಿಂದ ಮಗಳು ಪೋಣಿಸಿದ ಮೊದಲ ಸೂಜಿ ತೆಗೆದಳು. ಹೊಸ್ತಿಲ ಕಡೆಯಿಂದ ಬೈಗುಳ ನಿಧಾನವಾಯಿತು, ನಡುನಡುವೆ ನಿಲ್ಲತೊಡಗಿತು. ನಾದಿನಿ ಶಾಲನ್ನು ಬೆಳಕಿಗೆ ಹಿಡಿದಿದ್ದಳು, ತಿರುವಿ ಹಾಕುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು.

"ಅಲ್ಲಾ ಅತ್ತಿಗೆ," ಎಂದಳು ಕೊನೆಗೆ, ಮೂಗೊರೆಸಿಕೊಂಡು. "ಎಲ್ಲಿ ಹರಿದಿದ್ದೆ ನಾನು?"

ಅತ್ತಿಗೆ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಅವಳ ಕಡೆ ತಿರುಗಿದಳು.

"ನಂಗೂ ಸಿಗ್ಲಿಲ್ಲ ಕಣೇ," ಎಂದು ನಕ್ಕಳು.